ತರಕಾರಿಯೂ ಇಲ್ಲದ ಸಸ್ಯಾಹಾರ

ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ ಎಲ್ಲಿಂದ ತೇಲಿ ಬಂದರೂ ಈಗಲೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದಾರೆಂದು ಕಿವಿ ನಿಮಿರುತ್ತದೆ. ಎಪ್ಪತ್ತರ ದಶಕದ ಶುರುವಿನಲ್ಲಿ ಅಪ್ಪನಿಗೆ ಉಡುಪಿಯಿಂದ ಕಲ್ಕತ್ತೆಯ ಬ್ಯಾಂಕಿಗೆ ವರ್ಗವಾಗಿ, ಜಾದವ್‌ಪುರದ ಹಳೆಯ ಮನೆಯೊಂದರ ಮಹಡಿಯಲ್ಲಿ ನಾವಿದ್ದೆವು: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಕೆಳಗೆ ಮನೆಯೊಡತಿ, ಬಿಳಿ ಸೀರೆಯ ವಿಧವೆ. ಬೀದಿಯ ಮಕ್ಕಳ ಹಾಗೆ ನಾನೂ ಅವರನ್ನು ಠಾಕುಮಾ ಎನ್ನುತ್ತಿದ್ದೆ. ಬಂಗಾಳಿಯಲ್ಲಿ ಹಾಗೆಂದರೆ ಅಜ್ಜಿ. ನಮ್ಮ ಅಡುಗೆಮನೆಯ ಕೆಳಗೇ ಅವರ ದೇವರಕೋಣೆ. ಚಪ್ಪಲಿ ಸವೆಯುವಷ್ಟು ಅಲೆದ ಅಪ್ಪನಿಗೆ ಆ ಮನೆ ಸಿಕ್ಕಿದ್ದೇ, ನಾವು ಶುದ್ಧ ಸಸ್ಯಾಹಾರಿ ಬ್ರಾಹ್ಮಣರು ಎಂಬ ಒಂದು ಮಾತಿನ ಮೇಲೆ.

ಒಂದು ಆಷಾಢದ ಬೆಳಿಗ್ಗೆ ಠಾಕುಮಾರ ಮಗ, ತೆಳು ಬನಿಯನ್ನಿನೊಳಗೆ ಜನಿವಾರ ಕಾಣುವಂತೆ, ದೊಡ್ಡ ಇಲಿಶ್ ಮೀನೊಂದನ್ನು ತೂಗಾಡಿಸಿಕೊಂಡು ಗೇಟು ದಾಟಿ ಬಂದ. ಅಜ್ಜಿ ಬಾಲ್ಕನಿಯಲ್ಲೇ ಕಲ್ಲಾದರು. "ಇವರೂ ಬ್ರಾಹ್ಮಣರಲ್ಲವಾ? ಇದು ಎಂತದು ಮಾರಾಯ್ತಿ?" ಎಂದು ಅಮ್ಮನನ್ನು ಕೇಳಿ, ಉತ್ತರಕ್ಕೂ ಕಾಯದೆ ಇನ್ನೊಮ್ಮೆ ಸ್ನಾನಕ್ಕೆ ಹೋದರು. ಅಮ್ಮ ನಗುತ್ತಾ ಹುಳಿಗೆ ಈರುಳ್ಳಿ ಹುರಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಠಾಕುಮಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಸಸ್ಯಾಹಾರಿಗಳು ಅಂತ ಸುಳ್ಳು ಹೇಳಿ, ನನ್ನ ದೇವರ ತಲೆಯ ಮೇಲೆ ಈರುಳ್ಳಿ ಹುರಿಯುತ್ತೀರಾ? ತಿಂಗಳ ಕೊನೆಗೆ ಮನೆ ಖಾಲಿ ಮಾಡಿ!" ಬೀದಿಯಲ್ಲಿ ಆಡುತ್ತಾ ಬಂಗಾಳಿ ಕಲಿತಿದ್ದ ನಾನು, ಮೂರನೇ ಕ್ಲಾಸಿನ ಹುಡುಗಿ, ಅದನ್ನು ಕನ್ನಡದಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಸೌಟು ಕೆಳಗಿಡಲಿಲ್ಲ. "ಈರುಳ್ಳಿ ಮಣ್ಣಲ್ಲಿ ಬೆಳೆಯುವುದು, ಅವರ ಮಗ ತಂದದ್ದರ ಹಾಗೆ ಈಜುವುದಿಲ್ಲ ಅಂತ ಹೇಳು." ಹೇಳಿದೆ. ಮೀನು ಹೋಗುವುದು ಮಗ-ಸೊಸೆಯ ಬೇರೆ ಅಡುಗೆಮನೆಗೆ; ತಾನು ವಿಧವೆ, ಮೀನು, ಈರುಳ್ಳಿ, ಬೆಳ್ಳುಳ್ಳಿ, ಕೊನೆಗೆ ಮಸೂರ್ ಬೇಳೆಯನ್ನೂ ಮುಟ್ಟುವವಳಲ್ಲ ಎಂದು ಠಾಕುಮಾ ಗುಡುಗಿದರು. ಮಸೂರ್ ನಮ್ಮ ಡಬ್ಬಿಯಲ್ಲೂ ಇದೆ ಎಂದು ನಾನೇ ಬಾಯಿಬಿಟ್ಟೆ. ಅಮ್ಮ ನನ್ನನ್ನು ನುಂಗುವಂತೆ ನೋಡಿದಳು.

ಅಷ್ಟರಲ್ಲಿ ಅಜ್ಜಿ ಒದ್ದೆ ಕೂದಲಲ್ಲೇ ಹೊರಗೆ ಬಂದರು. ಅಜ್ಜಿಯೂ ವಿಧವೆಯೇ, ಈರುಳ್ಳಿ ತಿನ್ನುವವರಲ್ಲ. ಅವರ ಅಡುಗೆ ಬೇರೆಯೇ ಒಲೆಯಲ್ಲಿ. ಸೊಸೆಯ ಮೇಲೆ ದೂರು ಹೇಳಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ಅಜ್ಜಿ ನನ್ನ ಭುಜ ಹಿಡಿದು, "ಅವರ ಹತ್ತಿರ ಕೇಳು, ಬದನೆ ತಿನ್ನುತ್ತಾರಾ ಅಂತ" ಎಂದರು. ತಿನ್ನುತ್ತಾರಂತೆ. ಕುಂಬಳ? ತಿನ್ನುತ್ತಾರಂತೆ. ಹಸಿಮೆಣಸು? ದಿನವೂ. "ನನಗೆ ಅದೊಂದೂ ಇಲ್ಲ ಅಂತ ಹೇಳು. ಚಾತುರ್ಮಾಸ್ಯ. ಈ ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ಬೇಳೆಯೂ ಇಲ್ಲ." ಠಾಕುಮಾ ಬೆರಳು ಮಡಚುತ್ತಾ ಹೋಗಿ, ಮೂಗಿನ ಮೇಲಿದ್ದ ಸೆರಗನ್ನು ಮರೆತೇಬಿಟ್ಟರು. ತರಕಾರಿಯೂ ಇಲ್ಲದೆ ಎಂಥ ಸಸ್ಯಾಹಾರ, ಏನು ತಿನ್ನುತ್ತೀಯೆ ದಿದಿ ಎಂದು ಕೇಳಿದರು. ಅಕ್ಕ ಎಂದು ಕರೆದ ಮೇಲೆ ಇನ್ನೇನು ಬೇಕು! ಅಜ್ಜಿ ಒಳಗಿನಿಂದ ಅನ್ನ, ಕಾಳುಮೆಣಸು ಜೀರಿಗೆ ಹಾಕಿದ ಹೆಸರುಬೇಳೆ ತಂದರು. ಹುಳಿಗೆ ಒಣಮಾವಿನ ಪುಡಿ. ನಮ್ಮ ಮನೆಯ ನೀರನ್ನೂ ಮುಟ್ಟದ ಠಾಕುಮಾ ಹೊಸ್ತಿಲಲ್ಲೇ ಕೂತು ಕೈ ಒಡ್ಡಿದರು, ಇನ್ನೊಮ್ಮೆ ಹಾಕಿಸಿಕೊಂಡೂ ತಿಂದರು. ಮನೆ ಉಳಿಯಿತು. ಅಜ್ಜಿ ತೀರ್ಪು ಕೊಟ್ಟರು: ಸೊಸೆಯ ಈರುಳ್ಳಿಗೆ ತಾರಸಿಯ ಮೇಲೆ ಬೇರೆ ಒಲೆ, ದೇವರಿಗೂ ವಾಸನೆ ಬೇಡ. ನಮ್ಮ ತಾರಸಿಯ ಈರುಳ್ಳಿ ಬೀದಿಗೆಲ್ಲ ಘಮಘಮಿಸಿತು. ಅಮ್ಮ ಗೆದ್ದವಳಂತೆ ಓಡಾಡಿದಳು, ಅಜ್ಜಿಯೂ ಹಾಗೆಯೇ, ಠಾಕುಮಾರೂ ಹಾಗೆಯೇ.

ಆ ಮನೆ ಈಗಿಲ್ಲ, ಅವರು ಮೂವರೂ ಇಲ್ಲ. ಆ ಜಗಳದ ನಾಲ್ಕು ವರ್ಷದ ನಂತರ ಅಜ್ಜಿ ಅಲ್ಲೇ ತೀರಿಕೊಂಡರು. ಮರುವರ್ಷ ಅಮ್ಮ ತಾರಸಿಯಲ್ಲಿ ಈರುಳ್ಳಿ ಹುರಿಯುತ್ತಿದ್ದಾಗ ಮೆಟ್ಟಿಲ ಮೇಲೆ ಅದೇ ಹೆಜ್ಜೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಠಾಕುಮಾರ ಕೈಯಲ್ಲಿ ಒಂದು ಬಟ್ಟಲು, ಅದರಲ್ಲಿ ಕಾಳುಮೆಣಸಿನ ಹೆಸರುಬೇಳೆ. "ದಿದಿಯ ತಿಂಗಳು ಶುರುವಾಯಿತಲ್ಲ" ಎಂದರು, "ತರಕಾರಿ ಬಿಟ್ಟಿದ್ದೇನೆ. ರುಚಿ ಸರಿಯಾಗಿದೆಯಾ ನೋಡಿ ಹೇಳು." ಅಮ್ಮ ಒಂದು ತುತ್ತು ಬಾಯಿಗಿಟ್ಟು ಅತ್ತಳು. ಆಮೇಲೆ ಬಾಣಲೆ ಇಳಿಸಿ ಒಲೆ ಆರಿಸಿದಳು. ಆ ವರ್ಷ ನಾಲ್ಕು ತಿಂಗಳು ನಮ್ಮ ತಾರಸಿಯ ಒಲೆ ಹೊತ್ತಲಿಲ್ಲ.