ಕಪ್ಪು ಪೆಟ್ಟಿಗೆಗೆ ಚೆಂಡುಹೂವು

ಜಯಶೀಲಳ ಕೆಲಸ ಏನೆಂದು ಅವಳ ಮನೆಯಲ್ಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯ ಮನೆಗೆ ಬರುವ ಉಡುಪಿ ಕಡೆಯ ನೆಂಟರಿಗೆಲ್ಲ ಅತ್ತೆ ಅವಳನ್ನು ಟೈಪಿಸ್ಟ್ ಎಂದೇ ಪರಿಚಯಿಸುತ್ತಿದ್ದರು. ಮಗಳು ಅನುಷ್ಕಾ ಶಾಲೆಯಲ್ಲಿ ಯಾರೋ ಕೇಳಿದ್ದಕ್ಕೆ, "ಮಮ್ಮಿ ವಾಯರ್ ಜೋಡ್ತೀ ಹೈ" ಎಂದಿದ್ದಳಂತೆ, ಅಮ್ಮ ತಂತಿ ಜೋಡಿಸುತ್ತಾಳೆ ಎಂದು. ಸತ್ಯಕ್ಕೆ ಅದೇ ಹತ್ತಿರ.

ಅಂಬರನಾಥದಲ್ಲಿ ಮುಲಾಮು ತಯಾರಿಸುವ ಅವಳ ಕಾರ್ಖಾನೆಯ ಗೇಟಿನ ಹಾಜರಿ ಯಂತ್ರ, ಸ್ಟೋರು, ತೂಕದ ಕೋಣೆ, ಕಚೇರಿ ಎಲ್ಲದರ ತಂತಿಗಳೂ ಬಂದು ಸೇರುವುದು ಅವಳ ಕೋಣೆಯ ಒಂದು ಚಪ್ಪಟೆ ಕಪ್ಪು ಪೆಟ್ಟಿಗೆಗೆ. ಅದಕ್ಕೆ ನೆಟ್‌ವರ್ಕ್ ಸ್ವಿಚ್ ಎಂದು ಹೆಸರು, ಅದನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಅದರ ಮುಖದ ಹಸಿರು ದೀಪಗಳು ಮಿನುಗುತ್ತಿದ್ದರೆ ಕಾರ್ಖಾನೆಯ ಮೂಲೆಮೂಲೆಗಳು ತಮ್ಮೊಳಗೆ ಮಾತನಾಡುತ್ತಿವೆ ಎಂದರ್ಥ. ಆ ದೀಪಗಳೆದುರು ಕುಳಿತು ಊಟದ ಡಬ್ಬಿ ಬಿಚ್ಚುವುದು ಜಯಶೀಲಳಿಗೆ ರೂಢಿ. ಅವು ತುಂತುರು ಮಳೆಯಂತೆ ಕಾಣುತ್ತಿದ್ದವು ಅವಳಿಗೆ, ಸದ್ದಿಲ್ಲದ ಮಳೆ.

ಅದು ಎರಡು ಸಾವಿರದ ಹನ್ನೆರಡರ ಖಂಡೇನವಮಿ. ಯಂತ್ರಗಳ ಪೂಜೆಯೆಂದು ಕಾರ್ಖಾನೆಗೆ ರಜೆ. ಪೆಟ್ಟಿಗೆಯ ಫರ್ಮ್‌ವೇರ್, ಅಂದರೆ ಅದರೊಳಗೇ ಅಚ್ಚೊತ್ತಿರುವ ತಂತ್ರಾಂಶವನ್ನು ಹೊಸತು ಮಾಡಲು ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂದು ಅವಳೇ ಆರಿಸಿಕೊಂಡಿದ್ದಳು. ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುವ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕರೆಂಟು ಹೋದರೂ ನಡೆಯಲೆಂದೇ ಯುಪಿಎಸ್ ಇತ್ತು. ಕೆಲಸದ ದಿನವಾಗಿದ್ದರೆ ಬಾಗಿಲಿಗೊಂದು ಎಚ್ಚರಿಕೆಯ ಚೀಟಿ ಅಂಟಿಸುತ್ತಿದ್ದಳು. ಇವತ್ತು ಪೂಜೆಯಿರುವುದು ಮಧ್ಯಾಹ್ನ, ಅಲ್ಲಿಯವರೆಗೆ ಈ ಕೋಣೆಗೆ ಯಾರು ಬರುತ್ತಾರೆ? ಬರಹ ಶುರುವಾದದ್ದನ್ನು ನೋಡಿ ಅವಳು ಚಹಾ ಕುಡಿಯಲು ಗೇಟಿನಾಚೆ ಹೋದಳು.

ಮರಳಿ ಬಂದಾಗ ಮೊಗಸಾಲೆಯಲ್ಲಿ ಕತ್ತಲು. ಕರೆಂಟು ಹೋದರೆ ಯುಪಿಎಸ್ ಕುಯ್ಯೋ ಎಂದು ಕೂಗಬೇಕಿತ್ತು. ಅದೂ ಸುಮ್ಮನಿತ್ತು. ಓಡಿ ಬಾಗಿಲು ತಳ್ಳಿದರೆ ಒಳಗೆ ಒಂದು ಹನಿ ಹಸಿರೂ ಇಲ್ಲ.

ಆಗಲೇ ಫೋನು ರಿಂಗಾಯಿತು. ಮ್ಯಾನೇಜರ್ ರಂಜನ್. ಕಾರ್ಕಳದ ಕಡೆಯವರು, ಊರಿನವಳೆಂಬ ಸಲುಗೆಯಿಂದ ಅವಳನ್ನು ಜಯಕ್ಕ ಎನ್ನುವವರು. ಮಧ್ಯಾಹ್ನ ಮಂಗಳಾರತಿಗೆ ತೆಂಗಿನಕಾಯಿ ಎಷ್ಟು ತರಲಿ ಎಂದು ಕೇಳಲು ಮಾಡಿದ್ದರು. ಜಯಶೀಲಳ ಬಾಯಿಂದ ಬೇರೆಯೇ ಬಿತ್ತು.

"ಸರ್, ಯಾರೋ ಯುಪಿಎಸ್ ಆಫ್ ಮಾಡಿದ್ದಾರೆ. ಅಪ್‌ಡೇಟ್ ಅರ್ಧಕ್ಕೆ ನಿಂತಿದೆ. ಸ್ವಿಚ್ ಹೋಯ್ತು ಅಂತ ಕಾಣ್ತದೆ."

ರಂಜನ್ ಕಾಯಿಯ ಮಾತನ್ನೇ ಬಿಟ್ಟರು.

"ನಾಳೆಯ ಲಾರಿ ಲೋಡಿಂಗ್ ಎಂತ ಮಾಡುದು? ಯಾರು ಅಂತ ನೋಡಿ ಜಯಕ್ಕ. ಯಾರೇ ಆಗ್ಲಿ, ನಾಳೆಯಿಂದ ಗೇಟಿನ ಒಳಗೆ ಕಾಲಿಡ್ಲಿಕ್ಕಿಲ್ಲ ಅವ."

ಫೋನು ಇಟ್ಟದ್ದೇ ಕರೆಂಟು ಬಂತು. ಟ್ಯೂಬ್‌ಲೈಟು ಎರಡು ಸಲ ಕಣ್ಣು ಪಿಳುಕಿಸಿ ಹೊತ್ತಿಕೊಂಡಿತು. ಆ ಬೆಳಕಿನಲ್ಲಿ ಜಯಶೀಲ ನಿಂತಲ್ಲೇ ನಿಂತುಬಿಟ್ಟಳು. ಕಪ್ಪು ಪೆಟ್ಟಿಗೆಯ ಮೇಲೆ ಚೆಂಡುಹೂವಿನ ಮಾಲೆ. ಹಣೆಗಿಟ್ಟಂತೆ ಕುಂಕುಮ. ಯುಪಿಎಸ್ಸಿನ ನೆತ್ತಿಗೂ ಒಂದು ಬೊಟ್ಟು. ಮೂಲೆಯಲ್ಲಿ ನಿಂಬೆಹಣ್ಣಿಗೆ ಸಿಕ್ಕಿಸಿದ ಊದುಬತ್ತಿ ಇನ್ನೂ ಉರಿಯುತ್ತಿತ್ತು.

ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಮಾನಪ್ಪ. ಕಲಬುರಗಿಯ ಕಡೆಯಿಂದ ಚೀಲ ಹೊರಲು ಬಂದು, ಹೊರುತ್ತ ಹೊರುತ್ತ ವೈರಿಂಗ್ ಕಲಿತು, ಈಗ ಕಂತ್ರಾಟುದಾರನ ಕೈಕೆಳಗೆ ವೈರ್‌ಮನ್ ಆಗಿರುವವನು. ಶಹಾಡದ ಸಾಲುಮನೆಗಳ ಚಾಳಿನಲ್ಲಿ ಸಂಸಾರ. ಅವನು ನಗುತ್ತಿದ್ದ.

"ಹೋದ ವರ್ಸ ನೀವೇ ಅಂದಿದ್ರಲ್ರೀ ಅಕ್ಕಾರ, ಎಲ್ಲಾ ಮಶೀನಿಗಿ ಹೂ ಹಾಕಿ ನನ್ನದನ್ನ ಯಾಕ ಬಿಟ್ಟಿ ಅಂತ. ಅದಕ್ಕ ಈ ಸಲ ನಿಮ್ದೇ ಮೊದಲು ಮಾಡೀನಿ. ಮಾಲಿ ನಮ್ಮ ಮನಿಯಾಕಿ ಭೀಮಮ್ಮ ಕಟ್ಟಿದ್ದು."

ಹೌದು, ಅಂದಿದ್ದಳು. ತಮಾಷೆಗೆ ಅಂದದ್ದು. ನಂತರ ಮರೆತೇಬಿಟ್ಟಿದ್ದಳು. ಓಡುವ ಯಂತ್ರಕ್ಕೆ ಖಂಡೇನವಮಿಯ ಕುಂಕುಮ ಹಚ್ಚಬಾರದು, ಅಂದು ಅದು ಕಣ್ಣು ಮುಚ್ಚಿ ದಣಿವಾರಿಸಿಕೊಳ್ಳಬೇಕು ಎಂಬುದು ಮಾನಪ್ಪನ ಕಟ್ಟುಪಾಡು. ಅದಕ್ಕೇ ಕರೆಂಟಿನ ಮೇನು ತೆಗೆದಿದ್ದ, ಪೂಜೆ ಮುಗಿದ ಮೇಲೆ ಮತ್ತೆ ಹಾಕಿದ್ದ. ಯುಪಿಎಸ್ ಕೂಗಿಕೊಂಡಾಗ ಪೂಜೆಯ ಹೊತ್ತಿನಲ್ಲಿ ಅಪಸ್ವರ ಬೇಡವೆಂದು ಅದರ ಗುಂಡಿಯನ್ನೂ ಒತ್ತಿ ಬಾಯಿ ಮುಚ್ಚಿಸಿದ್ದ.

ಜಯಶೀಲಳಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಹಗುರವಾಗುತ್ತಿತ್ತು. ಕೈಯಲ್ಲಿ ಇನ್ನೂ ಬಿಸಿಯಿದ್ದ ಫೋನನ್ನು ಅವಳು ಪರ್ಸಿನ ಒಳಗೆ ಹಾಕಿ ಜಿಪ್ ಎಳೆದಳು. ಅದರೊಳಗಿನ ಮಾತು ಹೊರಗೆ ಬಂದೀತೆಂಬಂತೆ.

ಯುಪಿಎಸ್ ಹಚ್ಚಿದಳು. ಪೆಟ್ಟಿಗೆಯ ಫ್ಯಾನು ತಿರುಗಿತು. ಒಂದೇ ಒಂದು ಹಳದಿ ದೀಪ ಹತ್ತಿ, ಹಾಗೇ ನಿಂತಿತು. ಅವಳು ಕಾದಳು. ಹಸಿರು ಬರಲಿಲ್ಲ.

ಪೂರ್ತಿ ಸತ್ತಿರಲಾರದು ಎಂದು ಅವಳಿಗೆ ಗೊತ್ತಿತ್ತು. ಫರ್ಮ್‌ವೇರ್ ಅಳಿದರೂ ಅಳಿಯದ ಒಂದು ಪುಟ್ಟ ತಂತ್ರಾಂಶ ಇಂಥ ಪೆಟ್ಟಿಗೆಗಳ ತಳದಲ್ಲಿರುತ್ತದೆ. ಅದನ್ನು ಎಬ್ಬಿಸಿ, ಹೊಸ ಫರ್ಮ್‌ವೇರನ್ನು ತಂತಿಯ ಮೂಲಕ ತುತ್ತು ತುತ್ತಾಗಿ ತಿನ್ನಿಸಬೇಕು. ಫೈಲು ಪೆನ್‌ಡ್ರೈವಿನಲ್ಲಿತ್ತು, ತಂತಿ ಡ್ರಾಯರಿನಲ್ಲಿತ್ತು. ಆದರೆ ಆ ತಂತಿ ಕೂರಲು ಬೇಕಾದ ಒಂಬತ್ತು ಸೂಜಿಯ ಹಳೆಯ ಕಿಂಡಿ ಅವಳ ಲ್ಯಾಪ್‌ಟಾಪಿಗಿರಲಿಲ್ಲ. ಇಡೀ ಕಾರ್ಖಾನೆಯಲ್ಲಿ ಅದಿದ್ದದ್ದು ತೂಕದ ಕೋಣೆಯ ಮುದಿ ಕಂಪ್ಯೂಟರಿಗೆ ಮಾತ್ರ.

ಅದಕ್ಕೂ ಆಗಲೇ ಮಾಲೆ ಬಿದ್ದಿತ್ತು.

"ಅದರ ಪೂಜಿ ಆಗ್ಯದ್ರೀ," ಎಂದ ಮಾನಪ್ಪ, ದನಿ ತಗ್ಗಿಸಿ. "ಇವತ್ತ ಮುಟ್ಟಬಾರದು."

ಪೂಜೆಯಾದ ಯಂತ್ರವನ್ನು ಅಂದು ದುಡಿಸಿದರೆ ವರ್ಷವಿಡೀ ಅದು ಕೈಗೆ ಪೆಟ್ಟು ಮಾಡುತ್ತದೆ ಎಂಬ ನಂಬಿಕೆ ಅವನದು. ಜಯಶೀಲ ಅವನನ್ನೇ ನೋಡಿದಳು. ನಿನ್ನ ಕೆಲಸ ಹೋಗುತ್ತದೆ ಎನ್ನಬಹುದಿತ್ತು. ಎಂದರೆ ತಾನು ಫೋನಿನಲ್ಲಿ ಏನೆಂದಿದ್ದಳೆಂಬುದನ್ನೂ ಹೇಳಬೇಕಾಗುತ್ತಿತ್ತು.  ನನಗೆ ಇದು ಬೇಕೇಬೇಕು ಮಾನಪ್ಪ ಎಂದಷ್ಟೇ ಹೇಳಿದಳು.

ಅವನು ತಟ್ಟೆ ಕೆಳಗಿಟ್ಟ. ಕಂಪ್ಯೂಟರಿಗೆ ಕೈಮುಗಿದು, ತಪ್ಪಾಯಿತು ಎಂಬಂತೆ ಗಲ್ಲಕ್ಕೆ ಬಡಿದುಕೊಂಡು, ಮಾಲೆಯನ್ನು ತಾನೇ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಯಂತ್ರವನ್ನೂ ತಾನೇ ಎತ್ತಿ ತಂದ.

ಪೆಟ್ಟಿಗೆಯ ಗುಂಡಿಯನ್ನು ಒತ್ತಿ ಹಿಡಿದು ಕರೆಂಟು ಕೊಟ್ಟಳು. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬಿದ್ದವು. ಎರಡೂ ಯಂತ್ರಗಳ ವೇಗ ಹೊಂದಲಿಲ್ಲವೆಂದು ತಿಳಿದು ಅದನ್ನು ಇಳಿಸಿ ಮತ್ತೆ ಮಾಡಿದಳು. ಈ ಸಲ ಒಂದು ಸಾಲು ಓದುವಂತೆ ಬಂತು, ಅದರ ಕೊನೆಗೆ ಆಜ್ಞೆಗಾಗಿ ಕಾಯುತ್ತ ಮಿಣುಕುವ ಗೀಟು. ಫೈಲು ಕಳಿಸಿದಳು. ಅದು ಹೋಗತೊಡಗಿತು, ಸಿಗ್ನಲ್ ಸಿಗದ ಗೂಡ್ಸ್ ಗಾಡಿ ತೆವಳುವ ಹಾಗೆ. ಮಾನಪ್ಪ ಹೊರಗೆ ಹೋಗಿ ಮೇನಿನ ಬೋರ್ಡಿಗೆ ಬೆನ್ನು ಕೊಟ್ಟು ಕುಳಿತ. ಯಾರೂ ಮುಟ್ಟಬಾರದಲ್ಲ.

ರಂಜನ್ ಅವರ ಕಾರು ಗೇಟಿನಲ್ಲಿ ಹಾರ್ನ್ ಮಾಡಿದಾಗ ಹಳದಿ ದೀಪ ಆರಿತು. ಅವಳು ಪೆಟ್ಟಿಗೆಯ ಮೇಲೆ ಬಾಗಿದಳು. ಆಮೇಲೆ ಒಂದು ಹಸಿರು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಸಾಲಿಗೆ ಸಾಲೇ ಹತ್ತಿಕೊಂಡಿತು.

ರಂಜನ್ ಕಾಯಿಯ ಚೀಲ ಹಿಡಿದೇ ಒಳಗೆ ಬಂದು ದೀಪಗಳನ್ನು ನೋಡಿ ಉಸಿರು ಬಿಟ್ಟರು. ಯಾರಂತೆ ಎಂದು ಕೇಳಿದರು. ಮಾನಪ್ಪ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದ. ಜಯಶೀಲ ಈ ಮಾತನ್ನು ಆಗಿನಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಬೈಸಿಕೊಳ್ಳಲೂ ತಯಾರಿದ್ದಳು, ಕೆಲಸ ಬಿಡಲೂ.

"ನನ್ನದೇ ತಪ್ಪು ಸರ್. ಅಪ್‌ಡೇಟ್ ನಡೀತಿದೆ ಅಂತ ಯಾರಿಗೂ ಹೇಳದೆ ಹೊರಗೆ ಹೋದೆ. ನನ್ನಿಂದಲೇ ಆದದ್ದು."

ರಂಜನ್ ನಕ್ಕರು. ನಿಜವಾಗಿಯೂ, ಹಗುರಾಗಿ ನಕ್ಕರು.

"ನಿಮ್ಮಿಂದಲಾ? ಹಾಗಾದ್ರೆ ಬಿಡಿ ಮಾರಾಯ್ರೆ. ಕೆಲಸ ಮಾಡುವಾಗ ಆಗ್ತದೆ ಅದು."

ಅಷ್ಟೇ. ಮುಗಿಯಿತು. ಕಿಸೆಯಿಂದ ಫೋನು ತೆಗೆದು ಅವರು ಕಂತ್ರಾಟುದಾರನಿಗೆ ಹಚ್ಚಿ ಹಿಂದಿಯಲ್ಲಿ ಹೇಳಿದರು: ಬೆಳಿಗ್ಗೆ ಜಯಕ್ಕನ ಮಾತು ಕೇಳಿ ಹೇಳಿದ್ದೆನಲ್ಲ, ಆ ವೈರ್‌ಮನ್ ಮಾನಪ್ಪನ ಗೇಟ್ ಪಾಸು ರದ್ದು ಮಾಡುವುದು ಬೇಡ, ಅವನಲ್ಲವಂತೆ, ಇರಲಿ.

 ಜಯಶೀಲ ಯಾರ ಹೆಸರನ್ನೂ ಹೇಳಿರಲಿಲ್ಲ. ಹೆಸರು ಹೇಳುವ ಅಗತ್ಯವೇ ಬಿದ್ದಿರಲಿಲ್ಲ, ಕರೆಂಟಿಗೆ ಕೈಹಾಕಿದವನು ವೈರ್‌ಮನ್ನೇ ಎಂದು ರಂಜನ್ ತಾವೇ ತೀರ್ಮಾನಿಸಿದ್ದರು. ಅವಳು ತಂತಿ ಹುಡುಕುತ್ತಿದ್ದಾಗಲೇ, ಮಾಲೆ ಹೆಗಲಿಗೇರಿಸಿ ಮಾನಪ್ಪ ಕಂಪ್ಯೂಟರು ಹೊರುತ್ತಿದ್ದಾಗಲೇ, ಅವನ ಕೆಲಸ ಹೋಗಿತ್ತು. ಈಗ ಒಂದು ನಗೆಯಲ್ಲಿ ಮರಳಿ ಬಂದಿತ್ತು.

ಮಾನಪ್ಪನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವನ ತಟ್ಟೆಯಲ್ಲಿ ಕರ್ಪೂರ ಉರಿದು ಆರುವಷ್ಟು ಹೊತ್ತು ಅವನು ಅಲುಗಲಿಲ್ಲ.

ಮಂಗಳಾರತಿಯಾಯಿತು, ಕಾಯಿ ಒಡೆದರು. ಎಲ್ಲರಿಗೂ ಕುಂಕುಮ ಕೊಡುತ್ತ ಬಂದ ಮಾನಪ್ಪ, ಪೆಟ್ಟಿಗೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ ಜಯಶೀಲಳ ಎದುರು ತಟ್ಟೆ ಹಿಡಿದ. ಅವಳು ಬೆರಳು ಅದ್ದುವವರೆಗೂ ಕಾದ.

"ಮುಂದಿನ ವರ್ಸ ನಿಮ್ಮ ಮಶೀನಿಗಿ ನೀವೇ ಹೂ ಹಾಕ್ಕೋರಿ, ಅಕ್ಕಾರ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಮುಂದಿನವರ ಬಳಿ ಹೋದ. ಜಯಶೀಲಳ ಬೆರಳಿನ ಕುಂಕುಮ ಹಣೆಯವರೆಗೆ ಹೋಗದೆ ಗಾಳಿಯಲ್ಲೇ ಉಳಿಯಿತು. ಅವಳ ಹಿಂದೆ, ಭೀಮಮ್ಮ ಕಟ್ಟಿದ ಮಾಲೆಯ ಕೆಳಗೆ, ಹಸಿರು ದೀಪಗಳು ಎಂದಿನಂತೆ ಮಿನುಗುತ್ತಿದ್ದವು.