ಮೇಡಂ ಕೊಡದ ಮುಲಾಮು

ಬಾಗಲಕೋಟೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗೂಡು ತೊಳೆಯುತ್ತೇನೆ, ಕಾಳು ನೀರು ಇಡುತ್ತೇನೆ, ತೂಕ ಬರೆದಿಡುತ್ತೇನೆ. ನನ್ನ ತವರು ಇಳಕಲ್. ಹದಿನೆಂಟು ವರ್ಷದವರೆಗೆ ಅವ್ವನ ಪಕ್ಕದಲ್ಲಿ ಕೂತು ಸೀರೆ ನೇಯ್ದವಳು ನಾನು. ಎಳೆ ಎಣಿಸುವುದು ಕಣ್ಣಿಗೆ ಅಂಟಿಬಿಟ್ಟಿತ್ತು.

ನಾಲ್ಕು ವರ್ಷದ ಹಿಂದೆ ಬಾದಾಮಿಯಿಂದ ಒಬ್ಬ ಮೇಡಂ ನಮ್ಮ ಕಾಲೇಜಿಗೆ ಸಂಶೋಧನೆಗೆ ಬಂದರು. ನನಗಿಂತ ಸಣ್ಣವರು. ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಅವರ ಹತ್ತಿರ ಒಂದು ತೆಳು ಹಳದಿ ಪುಡಿ ಇತ್ತು, ಕಡಲೆಹಿಟ್ಟಿನ ಬಣ್ಣದ್ದು.

“ಇದೇನ್ರಿ ಮೇಡಂ?” ಎಂದೆ.

“ಸೀರಿಯಂ ಅಂತ ಒಂದ ಲೋಹ ಐತ್ರಿ ಅಕ್ಕಾರ. ಬೀಡಿ ಹಚ್ಚೋ ಲೈಟರಿನಾಗ ಕಿಡಿ ಹಾರಸ್ತೈತಲ್ಲ ಸಣ್ಣ ಕಲ್ಲು, ಅದರಾಗೂ ಇದ ಇರ್ತೈತಿ. ವಿರಳ ಲೋಹ ಅಂತ ಹೆಸರು, ಖರೆ ಅಂದ್ರ ಅಷ್ಟೇನ ವಿರಳ ಅಲ್ಲ. ಗಾಯ ಆದಲ್ಲಿ ಒಳಗೊಳಗ ಒಂಥರಾ ಉರಿ ಇರ್ತದ. ಇದರ ಪುಡಿ ಆ ಉರಿ ತಗ್ಗಸ್ತದೇನೋ, ಗಾಯ ಲಗೂನ ಮಾಯತದೇನೋ ಅಂತ ನೋಡಾಕತ್ತೇನಿ.”

ಮೂರು ಬಾಟಲಿ ಮುಲಾಮು ತಯಾರಾಯಿತು. ಒಂದರಲ್ಲಿ ಪುಡಿಯೇ ಇಲ್ಲ, ಇನ್ನೊಂದರಲ್ಲಿ ಸ್ವಲ್ಪ, ಮೂರನೆಯದರಲ್ಲಿ ಹೆಚ್ಚು. ಇಲಿಗಳ ಬೆನ್ನ ಮೇಲೆ ಪ್ರಯೋಗಕ್ಕೆಂದೇ ಮಾಡಿದ ಸಣ್ಣ ಗಾಯಕ್ಕೆ ಗುಂಪಿಗೊಂದು ಮುಲಾಮು ಹಚ್ಚಿ, ಎರಡು ದಿನಕ್ಕೊಮ್ಮೆ ಪಾರದರ್ಶಕ ಹಾಳೆಯ ಮೇಲೆ ಗಾಯದ ಅಂಚನ್ನು ಬರೆದುಕೊಳ್ಳಬೇಕು. ಆಮೇಲೆ ಆ ಹಾಳೆಯನ್ನು ಚೌಕದ ಕಾಗದದ ಮೇಲಿಟ್ಟು ಒಳಗೆಷ್ಟು ಚೌಕ ಬಿದ್ದವು ಎಂದು ಎಣಿಸಬೇಕು. ಮೇಡಂ ಎಣಿಸುವಾಗ ಎರಡು ಸಲ ತಪ್ಪಿದರು. ಪಕ್ಕದಲ್ಲಿ ನಿಂತಿದ್ದ ನಾನು ಸುಮ್ಮನೆ ನೋಡಿಯೇ ಸರಿಯಾದ ಲೆಕ್ಕ ಹೇಳಿದೆ. ಅವತ್ತಿನಿಂದ ಆ ಕೆಲಸ ನನ್ನದೇ ಆಯಿತು. ಕಸಬರಿಗೆ ಹಿಡಿದ ಕೈಗೆ ಪೆನ್ಸಿಲು ಕೊಟ್ಟವರು ಅವರು. ಅದನ್ನು ನಾನು ಮರೆತಿಲ್ಲ.

ಅದೇ ಹೊತ್ತಿಗೆ ಇಳಕಲ್ಲಿನಲ್ಲಿ ಅವ್ವನ ಕಾಲಿಗೆ ಗಾಯವಾಗಿತ್ತು. ಎಡಗಾಲ ಹೆಬ್ಬೆರಳ ಬುಡದಲ್ಲಿ, ಅಂಗಾಲ ಕಡೆ. ಸಕ್ಕರೆ ಕಾಯಿಲೆಯವಳು, ನೋವೇ ಗೊತ್ತಾಗಿರಲಿಲ್ಲ. ಎರಡು ತಿಂಗಳಾದರೂ ಮಾಯಲಿಲ್ಲ. ಶನಿವಾರ ಊರಿಗೆ ಹೋದಾಗಲೆಲ್ಲ ಬಟ್ಟೆ ಬಿಚ್ಚಿ ನೋಡುತ್ತಿದ್ದೆ. ಪ್ರತಿ ಸಲವೂ ಗಾಯ ತುಸು ಅಗಲವಾದಂತೆ ಕಾಣುತ್ತಿತ್ತು. ನಮ್ಮ ಓಣಿಯಲ್ಲಿ ಇಂಥದೇ ಗಾಯಕ್ಕೆ ಒಬ್ಬರ ಕಾಲು ಕತ್ತರಿಸಿ ತೆಗೆದದ್ದನ್ನು ಕಂಡವಳು ನಾನು.

ಇತ್ತ ಕಾಲೇಜಿನಲ್ಲಿ, ಮೊದಲ ವಾರ ಮುಗಿಯುವುದರೊಳಗೆ, ಹೆಚ್ಚು ಪುಡಿಯ ಗಾಢ ಹಳದಿ ಮುಲಾಮು ಹಚ್ಚಿದ ಇಲಿಗಳ ಗಾಯ ಎಲ್ಲಕ್ಕಿಂತ ಮೊದಲು ಒಣಗಿದ ಹಾಗೆ ಕಂಡಿತು. ಶುಕ್ರವಾರ ಯಾರೂ ಇಲ್ಲದಾಗ ಆ ಬಾಟಲಿಯಿಂದ ಎರಡು ಬೆರಳಿನಷ್ಟು ತೆಗೆದು ಕುಂಕುಮದ ಖಾಲಿ ಡಬ್ಬಿಗೆ ತುಂಬಿ ಚೀಲದಲ್ಲಿ ಇಟ್ಟುಕೊಂಡೆ. ಬಾಟಲಿಗಳನ್ನು ಸಂಜೆ ತೂಗುತ್ತಾರೆಂಬುದು ನನಗೆ ಗೊತ್ತಿತ್ತು. ಆದರೂ ಇಟ್ಟುಕೊಂಡೆ.

ಮೇಡಂ ತೂಗಿದರು, ಮತ್ತೊಮ್ಮೆ ತೂಗಿದರು. ನನ್ನ ಮುಖ ನೋಡಿದರು. ನಾನೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

“ಯಾರಿಗ್ರಿ ಅಕ್ಕಾರ?”

“ನಮ್ಮವ್ವಗ್ರಿ. ಕಾಲಾಗ ಗಾಯ ಆಗೇತಿ. ಇದ ಹಚ್ಚಿದ್ರ ಮಾಯತೈತಿ ಅಂತ ನಾನ ಕಣ್ಣಾರೆ ನೋಡೇನ್ರಿ.”

“ಇಲಿ ಬೆನ್ನಿನ ಮ್ಯಾಲ ನೋಡೀರಿ. ಇನ್ನೂ ಪೂರ್ತಿ ನೋಡಿಲ್ಲ. ಇದು ಮನಷ್ಯಾರಿಗೆ ಏನ್ ಮಾಡ್ತದ ಅಂತ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕೊಡಾಕ ಆಗೂದಿಲ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. “ನಿಮ್ಮವ್ವ ಆಗಿದ್ರ ಕೊಡ್ತಿದ್ದಿಲ್ಲೇನ್ರಿ?”

ಅವರು ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. “ನಮ್ಮವ್ವ ಆಗಿದ್ರೂ ಕೊಡ್ತಿದ್ದಿಲ್ಲ,” ಎಂದರು. “ರವಿವಾರ ನಾ ನಿಮ್ಮೂರಿಗೆ ಬರ್ತೇನಿ. ಗಾಯ ನೋಡೂಣು.”

ಬರಲಾರರು ಎಂದುಕೊಂಡಿದ್ದೆ. ರವಿವಾರ ತಮ್ಮೂರು ಬಾದಾಮಿಯಿಂದ ಹೊರಟು ಹುನಗುಂದದಲ್ಲಿ ಬಸ್ಸು ಬದಲಿಸಿ, ಬಿಸಿಲೇರುವ ಹೊತ್ತಿಗೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕಾಲು ತೊಳೆಯಲು ಕೊಟ್ಟ ನೀರಿನಿಂದ ಕೈಯನ್ನೂ ತೊಳೆದುಕೊಂಡು ಅವ್ವನ ಎದುರು ನೆಲದ ಮೇಲೆ ಕೂತರು. ಗಾಯ ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು.

“ದಿನಾ ಎಷ್ಟ್ ಹೊತ್ತು ಮಗ್ಗದಾಗ ಕುಂಡರ್ತೀರಿ ಅವ್ವಾರ?”

“ಮುಂಜಾನಿಂದ ಸಂಜಿ ಮಟ ಬೇ. ಇನ್ನೇನ್ ಮಾಡ್ಲಿ?”

ಮೇಡಂ ಎದ್ದು ಹೋಗಿ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು, ಕೆಳಗಿನ ಹಲಗೆಯನ್ನು ತುಳಿದು ನೋಡಿದರು. ಮತ್ತೆ ತುಳಿದರು. ಆಮೇಲೆ ನನ್ನನ್ನು ಕರೆದು ತಮ್ಮ ಕಾಲು ತೋರಿಸಿದರು. “ನೋಡ್ರಿಲ್ಲೆ. ಭಾರ ಎಲ್ಲಾ ಹೆಬ್ಬೆರಳ ಬುಡದಾಗ ಬೀಳತೈತಿ. ರಾತ್ರಿ ಮಾಯಾಕ ಹತ್ತಿದ್ದನ್ನ ಹಗಲೆಲ್ಲಾ ತುಳದ ಒಡೀತಾರ. ಯಾವ ಮುಲಾಮು ಹಚ್ಚಿದ್ರೂ ಅಷ್ಟ.”

ಎರಡು ತಿಂಗಳು ಗಾಯವನ್ನೇ ನೋಡುತ್ತಿದ್ದ ನನಗೆ ಆ ಹಲಗೆ ಕಂಡಿರಲಿಲ್ಲ. ನಾನೂ ಅದನ್ನೇ ತುಳಿದು ಬೆಳೆದವಳು.

ಮರುದಿನ ಬಾಗಲಕೋಟೆಯ ದವಾಖಾನೆಗೆ ಅವ್ವನನ್ನು ಕರೆದುಕೊಂಡು ಹೋದೆವು. ಡಾಕ್ಟರು ಸತ್ತ ಚರ್ಮ ತೆಗೆದು ಸ್ವಚ್ಛ ಮಾಡಿದರು. ಸಕ್ಕರೆಗೆ ಔಷಧ ಬದಲಿಸಿದರು, ಆ ಜಾಗಕ್ಕೆ ಭಾರ ಬೀಳದಂಥ ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ಮಾಯುವವರೆಗೆ ಮಗ್ಗಕ್ಕೆ ಕೂರಕೂಡದು ಎಂದರು.

ಅವ್ವನದು ಒಂದೇ ಹಟ. “ಅರ್ಧಾ ಸೀರಿ ಮಗ್ಗದ ಮ್ಯಾಲ ಐತಿ. ಅದನ್ನ ಯಾರು ಮುಗಸ್ತಾರ?”

“ನಾ ಮುಗಸ್ತೇನಿ,” ಎಂದೆ.

ರಜೆ ಹಾಕಿ, ಎಷ್ಟೋ ವರ್ಷದ ಮೇಲೆ ಕುಣಿಗಿಳಿದೆ. ಅವ್ವ ಹೊರಸಿನ ಮೇಲೆ ಕಾಲು ಚಾಚಿ ಕೂತು ಬೈಯುತ್ತಿದ್ದಳು. “ಲಾಳಿ ಹಂಗ ಒಗೀತಾರೇನ? ಅಂಚು ನೋಡು, ಹಾವ ಹರದಂಗ ಆಗೇತಿ!” ಬೈಸಿಕೊಳ್ಳುತ್ತ ನೇಯ್ದೆ. ನನಗದು ಸುಖದ ದಿನಗಳೇ ಆಗಿದ್ದವು. ಸೀರೆಯ ಅಂಚು ಮಾತ್ರ ಅವಳು ಹೇಳಿದಂತೆಯೇ ಇತ್ತು.

ಸೀರೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಪ್ರತಿ ಶನಿವಾರ ಅವ್ವನ ಗಾಯದ ಅಂಚನ್ನೂ ಹಾಳೆಯ ಮೇಲೆ ಬರೆದುಕೊಂಡು ಚೌಕ ಎಣಿಸಿದೆ. ಅವಳಿಗೆ ಅದು ಬಹಳ ಹಿಡಿಸಿತು. “ಈ ವಾರ ಎಷ್ಟ ಮನಿ ಕಡಿಮಿ ಆದುವು?” ಎಂದು ನಾನು ಚೀಲ ಇಳಿಸುವ ಮೊದಲೇ ಕೇಳುತ್ತಿದ್ದಳು. ಒಂದು ವಾರ ಒಂದೂ ಕಡಿಮೆಯಾಗಿರಲಿಲ್ಲ. ಕೆದಕಿ ಕೇಳಿದಾಗ, ಕದ್ದು ಎರಡು ದಿನ ಮಗ್ಗಕ್ಕೆ ಕೂತದ್ದನ್ನು ಒಪ್ಪಿಕೊಂಡಳು. ಆಮೇಲೆ ಕೂರಲಿಲ್ಲ. ಮೂರು ತಿಂಗಳಿಗೆ ಗಾಯ ಮುಚ್ಚಿತು.

ಅಷ್ಟರಲ್ಲಿ ಮೇಡಂ ಅವರ ಪ್ರಯೋಗವೂ ಮುಗಿದಿತ್ತು. ಕೊನೆಗೆ ಹಾಳೆಗಳನ್ನೆಲ್ಲ ಜೋಡಿಸಿದಾಗ, ಸ್ವಲ್ಪ ಪುಡಿ ಬೆರೆಸಿದ ಮುಲಾಮಿನ ಇಲಿಗಳು ಉಳಿದವಕ್ಕಿಂತ ತುಸು ಮುಂದಿದ್ದವು. ಹೆಚ್ಚು ಪುಡಿ ಬೆರೆಸಿದ್ದರ ಗಾಯ ಮಾತ್ರ ಮೇಲೆ ಬೇಗ ಒಣಗಿ, ಆಮೇಲೆ ಅಲ್ಲೇ ನಿಂತುಬಿಟ್ಟಿತ್ತು. ಪುಡಿಯಿಲ್ಲದ ಮುಲಾಮಿಗಿಂತಲೂ ಹಿಂದೆ. ನಾನು ಡಬ್ಬಿಗೆ ತುಂಬಿಕೊಂಡಿದ್ದು ಅದನ್ನೇ.

“ಮೇಡಂ, ಅವತ್ತ ನೀವು ತಡೀಲಿಲ್ಲಂದ್ರ…” ಎಂದೆ.

“ನನಗೂ ಗೊತ್ತಿದ್ದಿಲ್ರಿ ಅಕ್ಕಾರ,” ಎಂದರು. “ಗೊತ್ತಿಲ್ಲ ಅನ್ನೂದಷ್ಟ ಗೊತ್ತಿತ್ತು. ಇದೂ ಸಣ್ಣ ಪ್ರಯತ್ನ. ಇನ್ನೂ ಭಾಳ ಮಂದಿ ಭಾಳ ಸಲ ನೋಡಬೇಕು.”

ಅವರೀಗ ಬೇರೆ ಊರಲ್ಲಿದ್ದಾರೆ. ಅದೇ ಲೋಹದ ಕೆಲಸ ಮುಂದುವರಿದಿದೆ. ಎಂದಾದರೂ ಆ ಹಳದಿ ಮುಲಾಮು ಅಂಗಡಿಗೆ ಬಂದರೆ ಕೈಮುಗಿದು ಕೊಳ್ಳುವವರಲ್ಲಿ ನಾನೂ ಒಬ್ಬಳು. ಬರುವವರೆಗೆ ಕಾಯುವುದನ್ನು ಅವರೇ ನನಗೆ ಕಲಿಸಿದ್ದಾರೆ. ಏನೂ ಕೇಳದೆ ಬೆನ್ನು ಕೊಟ್ಟ ಆ ಇಲಿಗಳ ಋಣವೂ ನನ್ನ ಮೇಲಿದೆ.

ಅವ್ವ ಮಗ್ಗ ಬಿಟ್ಟು ಈಗ ಕೂತಲ್ಲೇ ನೂಲು ಸುತ್ತುತ್ತಾಳೆ. ಓಣಿಯ ಹೆಣ್ಣುಮಕ್ಕಳು ಮಾತಾಡಲು ಬಂದರೆ ಮೊದಲು ಅವಳಿಗೆ ತಮ್ಮ ಅಂಗಾಲು ತೋರಿಸಬೇಕು. ಹೋದ ಶನಿವಾರ ಪಕ್ಕದ ಮನೆಯಾಕೆ ನಾಚಿಕೊಂಡು ಕಾಲು ಸೀರೆಯೊಳಗೆ ಎಳೆದುಕೊಂಡಳು. ಅವ್ವ ಬಿಡಲಿಲ್ಲ. ಅಂಗಾಲು ನೋಡಿಕೊಳ್ಳಲೆಂದು ಇಟ್ಟ ಸಣ್ಣ ಕನ್ನಡಿಯನ್ನು ಅವಳ ಕೈಗೆ ತುರುಕಿ, “ಮಾರಿ ದಿನಾ ನೋಡಕೋತಿ, ಕಾಲ ಏನ್ ಪಾಪ ಮಾಡೇತಿ? ನೋಡು,” ಎಂದಳು. ಆಕೆ ನಗುತ್ತ ನಗುತ್ತ ಕಾಲು ಮುಂದಿಟ್ಟಳು.