ಸಿಗರೇಟಿಗೆ ಬಗ್ಗದ ವಿತೋಮಿರ್

ನಮ್ಮ ವಾರ್ಡಿನ ಘನಂದಾರಿ ವ್ಯವಸ್ಥೆ ಕೇಳಿ: ಮಾತ್ರೆ ನುಂಗಿದರೆ ಒಂದು ಸಿಗರೇಟು, ಹಾಸಿಗೆ ಸರಿಮಾಡಿದರೆ ಒಂದು, ಗಲಾಟೆ ಮಾಡದೆ ಮಲಗಿದರೆ ಇನ್ನೊಂದು. ಮನೆಯವರು ತಂದುಕೊಟ್ಟ ಪ್ಯಾಕೆಟ್ಟುಗಳೆಲ್ಲ ನರ್ಸುಗಳ ಡ್ರಾಯರಿನಲ್ಲಿ. ಸೆರ್ಬಿಯಾದ ಈ ಮಾನಸಿಕ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆದವಳು ನಾನೇ. ಥೂ, ನನ್ನ ಜನ್ಮಕ್ಕೆ.

ವಿತೋಮಿರ್ ಮೊದಲು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ. ಸ್ಕಿಜೋಫ್ರೇನಿಯಾ ಬಂದು ಕಿವಿಯಲ್ಲಿ ದನಿಗಳು ಕೇಳತೊಡಗಿದ ಮೇಲೆ ನಮ್ಮ ಪಾಲಾದ. ಹನ್ನೊಂದು ವರ್ಷ ಸಿಕ್ಕಷ್ಟೂ ಸೇದಿದವನು, ತಂಗಿ ದೆಸಾಂಕಾ ಅವನನ್ನು ಮನೆಗೆ ಕರೆದೊಯ್ಯಲು ಒಪ್ಪಿದ ವಾರವೇ, ನಾನು ಚಾಚಿದ ಸಿಗರೇಟನ್ನು ಮುಟ್ಟಲಿಲ್ಲ.

ಡಾಕ್ಟರ್ ಓಗ್ನೆನ್ ಫಾರಂ ಹಿಡಿದು ಓಡಿಬಂದ.

"ಬಿಟ್ಟ ಕಾರಣ? ಆರೋಗ್ಯವೋ, ದುಡ್ಡೋ, ಮನೆಯವರ ಕಾಟವೋ?"

"ಮೂರೂ ಅಲ್ಲ. ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ ತೋರಿಸ್ತೀರಲ್ಲ, ಅದಕ್ಕೆ."

ಆ ಕಾರಣಕ್ಕೆ ಫಾರಂನಲ್ಲಿ ಜಾಗ ಇರಲಿಲ್ಲ. ಮಹಾಶಯ 'ಆರೋಗ್ಯ' ಎಂದು ಗೀಚಿಕೊಂಡು ಹೋದ.

ಎರಡೇ ವಾರದಲ್ಲಿ ವಿತೋಮಿರ್ ಕೂತಲ್ಲೇ ತೂಕಡಿಸತೊಡಗಿದ, ಜೊಲ್ಲು ಸುರಿಸತೊಡಗಿದ. ದನಿಗಳು ಅಡಗಲೆಂದು ಅವನಿಗೆ ಕೊಡುತ್ತಿದ್ದ ಮಾತ್ರೆ ಸೇದುವವರ ಮೈಯಲ್ಲಿ ಬೇಗ ಖಾಲಿಯಾಗುತ್ತದೆ; ಸೇದುವುದು ನಿಂತರೆ ಅದೇ ಮಾತ್ರೆ ಅತಿಯಾಗುತ್ತದೆ. ಇಷ್ಟು ನನಗೇ ಗೊತ್ತು. ಓಗ್ನೆನ್‌ಗೆ ಹೇಳಿದೆ.

"ಸಿಸ್ಟರ್, ನೀವು ಕಾಫಿ ಮಾಡಿ" ಎಂದ. ಆಮೇಲೆ ತನ್ನದೇ ಪ್ಯಾಕೆಟ್ ತೆಗೆದು ವಿತೋಮಿರ್ ಮುಂದೆ ಹಿಡಿದ. "ಒಂದು ಹಚ್ಚಪ್ಪ, ಮೊದಲಿನ ಹಾಗೆ ಆಗ್ತೀಯ. ಮನೆಗೆ ಹೋಗೋ ಕಾಗದಕ್ಕೆ ಈಗಲೇ ಸಹಿ ಹಾಕ್ತೀನಿ."

ಮನೆಗೆ ಹೋಗಲು ವಿತೋಮಿರ್ ಎಷ್ಟು ಹಂಬಲಿಸುತ್ತಿದ್ದನೆಂದು ವಾರ್ಡಿಗೆಲ್ಲ ಗೊತ್ತು. ಕಣ್ಣು ತೆರೆಯಲು ಒದ್ದಾಡುತ್ತ ಹೇಳಿದ, "ಬೇಡ ಡಾಕ್ಟ್ರೇ. ರಕ್ತ ಪರೀಕ್ಷೆ ಮಾಡ್ಸಿ."

ಅದಕ್ಕೂ ಹತ್ತು ದಿನ ಎಳೆದಾಡಿದರು. ರಕ್ತದಲ್ಲಿ ಔಷಧ ಎರಡರಷ್ಟು ಏರಿತ್ತು. ಮಾತ್ರೆ ಇಳಿಸಿದ ಮೇಲೆ ವಿತೋಮಿರ್ ಎದ್ದು ಕೂತ. ಓಗ್ನೆನ್, ಎಲ್ಲ ತಾನೇ ಕಂಡುಹಿಡಿದವನ ಹಾಗೆ ಬೀಗುತ್ತ ಸಹಿ ಹಾಕಿದ.

ಕರೆದೊಯ್ಯಲು ಬಂದ ದೆಸಾಂಕಾಳ ಚೀಲದಲ್ಲಿ ಹತ್ತು ಪ್ಯಾಕೆಟ್ ಸಿಗರೇಟು. ಅಣ್ಣನ ಎದುರೇ ನನ್ನನ್ನು ಕೇಳಿದಳು, "ಬಿಟ್ಟಿದ್ದಾನಂತೆ, ಆದ್ರೂ ಇರ್ಲಿ ಅಂತ ತಂದೆ. ಇವನನ್ನ ಬಗ್ಗಿಸೋಕೆ ದಿನಕ್ಕೆ ಎಷ್ಟು ಬೇಕಾಗುತ್ತೆ ಸಿಸ್ಟರ್?"

ನಾನು ತಲೆ ತಗ್ಗಿಸಿದೆ. ಅವಳಿಗೆ ಈ ವಿದ್ಯೆ ಕಲಿಸಿದವರು ನಾವೇ ತಾನೆ.

"ಏನೂ ಬೇಡ ದೆಸಾಂಕಾ" ಎಂದ ವಿತೋಮಿರ್. "ಏಳಣ್ಣ, ಸ್ನಾನ ಮಾಡು ಅಂತ ಬಾಯ್ಬಿಟ್ಟು ಹೇಳು, ಸಾಕು."